ಬಟನ್ ಇದ್ದಲ್ಲೇ ಇರ್ಲಿ ಬಿಡ್ರಪ್ಪ

ಯಾರ್ರೀ ಹೇಳಿದ್ದು ಈ ದುಡ್ಡು ಕಳ್ಸೋ ಆ್ಯಪ್ ಮಾಡೋರಿಗೆ, ಆ್ಯಪ್ ನಮ್ಮ ಬಳಕೆ ನೋಡ್ಕೊಂಡು ತಾನಾಗೇ ಬದಲಾಗ್ಬೇಕು ಅಂತ? ನಮ್ಮಪ್ಪ ದಾವಣಗೆರೆ ಎಪಿಎಂಸಿ ಯಾರ್ಡ್‌ನಾಗೆ ಮೆಕ್ಕೆಜೋಳದ ಚೀಲದ ಪಕ್ಕ ನಿಂತು ಹಮಾಲರಿಗೆ ದುಡ್ಡು ಹಾಕೋಕೆ ಫೋನ್ ತೆಗೀತಾರೆ, ಅವರಿಗೆ ಓದೋದಕ್ಕಿಂತ ಬೆರಳಿನ ಅಭ್ಯಾಸ ಜಾಸ್ತಿ, ಎಡಗಡೆ ಎರಡನೇದು ಒತ್ತಿದ್ರೆ ಸ್ಕ್ಯಾನ್ ಬರ್ತಿತ್ತು, ಈಗ ಆ ಜಾಗದಾಗೆ ಸಾಲದ ಆಫರ್ ಬಂದು ಕುಂತೈತಿ! 'ನಿಮಗಾಗಿ' ಅಂತೆ. ಅಪ್ಪ ಯಾವತ್ತು ಸಾಲ ಕೇಳಿದ್ರು?

ಇದೇನ್ ಹೊಸ ತಪ್ಪೂ ಅಲ್ಲ. ಮೈಕ್ರೋಸಾಫ್ಟ್‌ನೋರು ಆಫೀಸ್ 2000ದಾಗೆ ಕಮ್ಮಿ ಬಳಸೋ ಮೆನುಗಳು ತಾವಾಗೇ ಮರೆಯಾಗೋ ಹಂಗೆ ಮಾಡಿದ್ರು, ಜನ ಹುಡುಕಿ ಹುಡುಕಿ ಸುಸ್ತಾದ್ರು, 2007ರಾಗೆ ರಿಬ್ಬನ್, ಅಂದ್ರೆ ಮೇಲ್ಗಡೆ ಬಟನ್‌ಗಳ ಪಟ್ಟಿ ತಂದಾಗ ಆ ಮರೆಯಾಗೋ ಮೆನುನ ಕೈಬಿಟ್ರು.

ಬದಲಾಗ್ಬೇಕಾದ್ದು ಬೇರೆ ಐತಿ. ಬಿಸಿಲಿಗೆ ನಿಂತ್ರೆ ಅಕ್ಷರ ಕಾಣೋ ಹಂಗೆ ಕಾಂಟ್ರಾಸ್ಟ್ ಏರ್ಲಿ, ಫೋನ್ ಸೆಟ್ಟಿಂಗ್‌ನಾಗೆ ಫಾಂಟ್ ದೊಡ್ಡದು ಮಾಡಿದ್ರೆ ಆ್ಯಪ್‌ನಾಗೂ ದೊಡ್ಡದಾಗ್ಲಿ. ಅಕ್ಷರ 200 ಪರ್ಸೆಂಟ್‌ವರೆಗೆ ಹಿಗ್ಗಿಸಿದ್ರೂ ಏನೂ ಕಳ್ದುಹೋಗ್ಬಾರ್ದು ಅಂತ ವೆಬ್ ಎಲ್ಲರಿಗೂ ಬಳಸೋಕೆ ಬರ್ಲಿ ಅಂತ ಮಾಡಿರೋ ಡಬ್ಲ್ಯೂಸಿಎಜಿ ಅನ್ನೋ ಮಾರ್ಗಸೂಚಿ 2008ರಾಗೇ ಹೇಳೈತಿ, ಇಲ್ಲಿ ನೋಡಿದ್ರೆ ಫಾಂಟ್ ಏರ್ಸಿದ್ ಕೂಡ್ಲೇ 'ಮುಂದುವರಿಸಿ' ಅನ್ನೋದು 'ಮುಂದು...' ಅಂತ ಕಟ್ಟಾಗಿ ನಿಲ್ತೈತಿ, ಎಲ್ಲಿ ಒತ್ಬೇಕು ಅಪ್ಪ? ಬಟನ್ ಸರಿಸೋದಾದ್ರೆ ಮೊದ್ಲು ಕೇಳ್ರಿ, ಬೇಡ ಅಂದ್ರೆ ಹಳೇ ಜಾಗದಾಗೇ ಬಿಡ್ರಿ.