ಇಳಿಯುವ ದಾರಿಯ ನಕ್ಷೆ ಎಲ್ಲರಿಗೂ ಕಡ್ಡಾಯವಾಗಬೇಕಾ?

ಕಣ್ಣಿಂದ ನೋಡಿಕೊಂಡೇ ಹಾರುವ ಪೈಲಟ್‌ಗಳನ್ನು ವಿಎಫ್‌ಆರ್ ಪೈಲಟ್ ಅಂತಾರೆ. ಹೊರಗೆ ಸರಿಯಾಗಿ ಕಾಣದಿದ್ದಾಗಲೂ ಉಪಕರಣ ನೋಡಿಕೊಂಡೇ ಇಳಿಯುವವರಿಗೆ ದಾರಿ, ಎತ್ತರ ತೋರಿಸುವುದು ಇನ್‌ಸ್ಟ್ರುಮೆಂಟ್ ಅಪ್ರೋಚ್ ನಕ್ಷೆ. ಹತ್ತಿರದ ಏರ್‌ಪೋರ್ಟಿನ ಆ ನಕ್ಷೆಯನ್ನೂ ಇವರು ಕಲಿತಿರಲೇಬೇಕಾ?

ಪರ

ತೋರಣಗಲ್ಲಿನ ನಮ್ಮ ಮಾಳಿಗೆ ಮೇಲೆ ನಿಂತರೆ ವಿದ್ಯಾನಗರ ಏರ್‌ಪೋರ್ಟಿಗೆ ಇಳಿಯುವ ವಿಮಾನ ಕಾಣುತ್ತದೆ. ಪೈಲಟ್ ತರಬೇತಿಯಲ್ಲಿರುವ ಅಕ್ಕನ ಮಗ ರಜೆಗೆ ಬಂದಿದ್ದ. "ಮಾವ, ಇಂಥವು ಎಷ್ಟು ದೂರದಿಂದ ಇಳೀತಾ ಬರ್ತವೆ, ಹೇಳ್ರಿ" ಅಂದ. "ಊರಾಚೆಯಿಂದ" ಅಂದೆ. ನಕ್ಕುಬಿಟ್ಟ.

ಸಾಮಾನ್ಯವಾಗಿ ಇಳಿಜಾರು 3 ಡಿಗ್ರಿ. ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿಲೋಮೀಟರ್) ಸುಮಾರು 300 ಅಡಿ. ಅಂದ್ರೆ ರನ್‌ವೇಗೆ ಇಂಥ 5 ಮೈಲಿ, ಅಂದ್ರೆ 9 ಕಿಲೋಮೀಟರ್ ಇರುವಾಗಲೇ ಅದು ನೆಲದಿಂದ 1,500 ಅಡಿ ಎತ್ತರದಲ್ಲಿರುತ್ತದೆ. ಸಣ್ಣ ವಿಮಾನಗಳು ಓಡಾಡುವುದೂ ಅದೇ ಎತ್ತರದಲ್ಲಿ! ಏರ್‌ಪೋರ್ಟ್ ಇನ್ನೂ ದೂರ ಇದೆ ಅಂತ ನಿರಾಳವಾಗಿ ಹೋಗುವವನು ಗೊತ್ತಿಲ್ಲದೆ ಆ ದಾರಿಗೆ ಅಡ್ಡ ಬಂದಿರುತ್ತಾನೆ.

ರೇಡಿಯೊ ಇದೆಯಲ್ಲ ಅಂತೀರಾ? ಇಳಿಯುವವನು ಅದರಲ್ಲಿ ದಾರಿಗುರುತಿಗೆ ಆ ನಕ್ಷೆಯಲ್ಲಿ ಕೊಟ್ಟ ಯಾವುದೋ ಬಿಂದುವಿನ ಐದಕ್ಷರದ ಹೆಸರು ಹೇಳುತ್ತಾನೆ. ಆ ಬಿಂದು ಎಲ್ಲಿದೆ ಅಂತ ತಿಳಿಯದವನಿಗೆ ಕೇಳಿದರೂ ಒಂದೇ, ಕೇಳದಿದ್ದರೂ ಒಂದೇ. ಇನ್ನೊಂದು ಸಂಗತಿ. ರನ್‌ವೇ ಕಾಣದಿದ್ದರೆ ಅವನು ಇಳಿಯದೆ ಮತ್ತೆ ಮೇಲೇರುತ್ತಾನೆ. ಎತ್ತ ತಿರುಗುತ್ತಾನೆ ಅನ್ನುವುದೂ ಆ ನಕ್ಷೆಯಲ್ಲೇ ಇದೆ. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿ ಎಲ್ಲಿ ಹೊರಳುತ್ತವೆ ಅಂತ ತಿಳಿದೇ ನಾವು ಬೈಕ್ ಓಡಿಸ್ತೀವಿ, ಅಲ್ವಾ?

ವಿರೋಧ

ಇದು ಅಳಿಯನ ವಾದ. ನನ್ನ ಮಾತೆಲ್ಲ ಕೇಳಿ ಅವನು ದೇವರ ಮನೆಯಿಂದ ಒಂದು ಚೂರು ಕುಂಕುಮ ತಂದು ಕಿಟಕಿ ಗಾಜಿಗೆ ಹಚ್ಚಿದ. "ಅಲುಗಾಡದೆ ಇದನ್ನೇ ನೋಡ್ರಿ. ಡಿಕ್ಕಿಯಾಗೋ ವಿಮಾನ ಗಾಜಿನ ಮೇಲೆ ಹೀಗೇ ಕೂತಿರ್ತದೆ. ಆಚೀಚೆ ಸರಿಯಲ್ಲ. ಚುಕ್ಕಿಯಾಗೇ ಇರ್ತದೆ, ಆಮೇಲೆ ಒಮ್ಮೆಗೇ ದೊಡ್ಡದಾಗ್ತದೆ."

ಒಂದು ವಿಮಾನ 100 ನಾಟ್ (ಅಂದ್ರೆ ಗಂಟೆಗೆ 100 ನಾಟಿಕಲ್ ಮೈಲಿ), ಎದುರಿನದು 150 ನಾಟ್ ವೇಗದಲ್ಲಿದ್ದರೆ ನಡುವಿನ ಒಂದು ಮೈಲಿ ಕರಗಲು 14 ಸೆಕೆಂಡ್ ಸಾಕು. ಕಂಡು, ಅಪಾಯ ಅಂತ ತಿಳಿದು, ವಿಮಾನ ತಿರುಗಿಸಲು 12.5 ಸೆಕೆಂಡ್ ಬೇಕು ಅನ್ನುವುದು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಲೆಕ್ಕ. ಆ ಹೊತ್ತಲ್ಲಿ ತೊಡೆ ಮೇಲಿನ ನಕ್ಷೆಯಲ್ಲಿ ಬಿಂದು ಹುಡುಕುತ್ತಾ ಕೂತರೆ? ನಮ್ಮ ಕಡೆ ಬೇಸಿಗೆಯ ಮಬ್ಬು, ಧೂಳು ಬೇರೆ.

ಕಲಿಯುವ ಹೊರೆ ಕಣ್ಣಿಂದ ನೋಡಿ ಹಾರುವವನಿಗೇ ಯಾಕೆ? ವಿಮಾನಗಳಿಗೆ ಸೂಚನೆ ಕೊಡುವ ಟವರ್ ಇಲ್ಲದ ಕಡೆ ಇಳಿಯುವವನೇ "ಪೂರ್ವಕ್ಕೆ 5 ಮೈಲಿ, 1,500 ಅಡಿ" ಅಂತ ಬಿಡಿಸಿ ಹೇಳಲಿ. ಆಕಾಶ ತಿಳಿಯಾಗಿದ್ದಾಗ ಹೊರಗೆ ನೋಡಿ ತಪ್ಪಿಸಿಕೊಳ್ಳುವ ಜವಾಬ್ದಾರಿ ಇನ್‌ಸ್ಟ್ರುಮೆಂಟ್ ನೋಡಿ ಹಾರುವವನಿಗೂ ಇದೆ. ನಕ್ಷೆಗಳೋ 28 ದಿನದ ಸರದಿಯಲ್ಲಿ ತಿದ್ದುಪಡಿಗೆ ಬರುತ್ತವೆ. ಹಳೆಯದನ್ನು ಬಾಯಿಪಾಠ ಮಾಡಿ ಧೈರ್ಯವಾಗಿ ಹೋಗುವವನು ಏನೂ ತಿಳಿಯದವನಿಗಿಂತ ಜಾಸ್ತಿ ಅಪಾಯ.

ಹಾರುವ ಹಿಂದಿನ ರಾತ್ರಿ ಮನೆಯಲ್ಲಿ ಕೂತು ನಕ್ಷೆ ಓದಿದರೆ ಅಳಿಯನಿಗೂ ಬೇಜಾರಿಲ್ಲವಂತೆ. ಅವನ ತಕರಾರು ಕಡ್ಡಾಯ ಅನ್ನುವುದಕ್ಕೆ ಮಾತ್ರ. ನಾನು ಅರ್ಧ ಒಪ್ಪಿದೆ. ಗಾಜು ಒರೆಸೋದು ಯಾರು ಅಂತ ಅವನ ಅತ್ತೆ ಕೇಳುವಷ್ಟರಲ್ಲಿ ಹುಡುಗ ಮಾಳಿಗೆ ಹತ್ತಿದ್ದ.