ಶನಿ ಉಂಗುರ ಒತ್ತಿ ಇಟ್ಟಾನೇನು?

ಗ್ರಹಣ ಬಂದರೆ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಹೆದರೋದು ಕಟಕ ರೊಟ್ಟಿ. ತಿಂಗಳುಗಟ್ಟಲೆ ಬುಟ್ಟಿಯಲ್ಲಿ ಕೂತು ವಿಜಯಪುರದ ಬಿಸಿಲು, ಧೂಳು, ಬೀಗರ ಹಲ್ಲು ಯಾವುದಕ್ಕೂ ಜಗ್ಗದ ರೊಟ್ಟಿ ಅದು. ಆದರೆ 2025ರ ಸೆಪ್ಟೆಂಬರ್ 7ರ ಭಾನುವಾರ ಅದರ ಮೇಲೂ ಎರಡು ಎಳೆ ಕರಕಿ, ಅಂದರೆ ಗರಿಕೆ ಹುಲ್ಲು, ಬಿತ್ತು. ಚಂದ್ರನಿಗೆ ಗ್ರಹಣ ಹಿಡಿಯೋದು ರಾತ್ರಿ 9.57ಕ್ಕೆ. ವೇಧ, ಅಂದರೆ ಗ್ರಹಣಕ್ಕೆ ಮುಂಚೆ ಊಟ ಬಿಡುವ ಹೊತ್ತು, ಮಾತ್ರ ಮಧ್ಯಾಹ್ನ 12.57ಕ್ಕೇ ಶುರು. ಒಂಬತ್ತು ತಾಸು ಮುಂಚೆ ಬಂದು ಕೂರುವ ಅತಿಥಿ ಇದೊಂದೇ ಇರಬೇಕು.

ಕರಕಿ ಯಾಕೆ ಅಂತ ಕೇಳಿದ್ದೇ ನನ್ನ ತಪ್ಪು. ಪಕ್ಕದ ಮನೆಯಲ್ಲಿ ನಿವೃತ್ತ ವಿಜ್ಞಾನದ ಮಾಸ್ತರರಿದ್ದಾರೆ. ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಗ್ರಹಣದ ಚಿತ್ರ ಬರೆಸಿದವರು. ಸೂರ್ಯ, ಭೂಮಿ, ಚಂದ್ರ ಒಂದೇ ಗೆರೆ, ನಡುವೆ ಪೆನ್ಸಿಲ್ಲಿನಿಂದ ತುಂಬಿದ ಕಪ್ಪು ನೆರಳು, ಐದು ಮಾರ್ಕ್ಸು. ಅವರು ಕಾಂಪೌಂಡ್ ಗೋಡೆಯ ಮೇಲಿಂದಲೇ ಉತ್ತರ ಕೊಟ್ಟರು.

"ವೈಜ್ಞಾನಿಕ ಕಾರಣ ಐತ್ರಿ ಅದಕ್ಕ. ಕರಕಿ ರೇಡಿಯೇಶನ್ ಹೀರ್ಕೋತದ."

ಯಾವ ರೇಡಿಯೇಶನ್ ಸರ್? ಚಂದ್ರನ ಮೇಲೆ ಬೀಳುವ ಬಿಸಿಲಿಗೆ ಭೂಮಿ ಅಡ್ಡ ಬರೋದೇ ಚಂದ್ರಗ್ರಹಣ. ಬರುವ ಬೆಳಕೇ ಕಮ್ಮಿ. ಕರೆಂಟ್ ಹೋದ ಮೇಲೆ ಬಲ್ಬ್ ಜಾಸ್ತಿ ಸುಡುತ್ತೆ ಅಂದ ಹಾಗಾಯ್ತಲ್ವಾ?

ಮಾಸ್ತರರು ಸೋಲುವವರಲ್ಲ. "ಚಂದ್ರ ಸಮುದ್ರದ ನೀರು ಎಳೀತಾನ ಹೌದಲ್ಲೋ? ನಮ್ಮ ಮೈಯಾಗ ಮುಕ್ಕಾಲು ಪಾಲು ನೀರ ಐತಿ. ಹಂಗಾರ ನಮ್ಮನ್ನ ಬಿಡ್ತಾನೇನು?"

ಇದೊಂದು ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ಸೆಪ್ಟೆಂಬರಿನಲ್ಲಿ ಆಲಮಟ್ಟಿಗೆ ಹೋಗಿ ನೋಡಿ. 123 ಟಿಎಂಸಿ ಹಿಡಿಯುವ ಜಲಾಶಯ. ಹುಣ್ಣಿಮೆಗೆ ಅಲ್ಲಿ ನೀರು ಉಕ್ಕಿದ್ದನ್ನು, ಅಮಾವಾಸ್ಯೆಗೆ ಗೇಟಿನಾಚೆ ಹಾರಿದ್ದನ್ನು ಯಾರೂ ಕಂಡಿಲ್ಲ. ಚಂದ್ರ ಭೂಮಿಯ ಈ ಬದಿಯನ್ನು ಎಳೆಯೋದಕ್ಕೂ ಆ ಬದಿಯನ್ನು ಎಳೆಯೋದಕ್ಕೂ ಚೂರು ವ್ಯತ್ಯಾಸ ಇದೆ. ಸಾವಿರಾರು ಮೈಲಿ ಹರಡಿದ ಸಮುದ್ರದಲ್ಲಿ ಆ ಚೂರು ಕೂಡಿಕೊಂಡು ಭರತ-ಇಳಿತ ಆಗುತ್ತೆ. ಆಲಮಟ್ಟಿಯಲ್ಲೇ ಕಣ್ಣಿಗೆ ಕಾಣದ್ದು ನಮ್ಮ ಹೊಟ್ಟೆಯೊಳಗಿನ ಎರಡು ತಂಬಿಗೆ ಮಜ್ಜಿಗೆಯಲ್ಲಿ ಏಳುತ್ತೆ ಅಂದರೆ ಅದು ಮಜ್ಜಿಗೆಯ ದೋಷ ಇರಬೇಕು.

ರಾತ್ರಿ ಹತ್ತಾಗುತ್ತಲೇ ಎದುರುಮನೆ ಅಕ್ಕಾವರು ಹಿತ್ತಾಳೆ ಪರಾತಕ್ಕೆ ನೀರು ಹಾಕಿ, ನಡುವೆ ಒನಕೆ ನಿಲ್ಲಿಸಿದರು. ಎರಡು ಸಲ ಓಲಾಡಿ ನಿಂತೇಬಿಟ್ಟಿತು. ಓಣಿಯ ಹುಡುಗರೆಲ್ಲ ಮೊಬೈಲ್ ಹಿಡಿದು ಸುತ್ತ ನೆರೆದರು. ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತೆ, ಬಿಟ್ಟ ಕೂಡಲೇ ತಾನಾಗಿಯೇ ಬೀಳುತ್ತೆ ಅನ್ನೋದು ಲೆಕ್ಕ. ಮೂರೂ ಒಂದೇ ಗೆರೆಗೆ ಬಂದಾಗ ಗುರುತ್ವ ನೆಟ್ಟಗಾಗುತ್ತೆ ಅಂತ ಮಾಸ್ತರರು ವಿವರಿಸಿದರು. ಒನಕೆಯ ಬುಡ ಸಪಾಟಾಗಿದೆ, ಅದಕ್ಕೊಂದು ಕಬ್ಬಿಣದ ಬಳೆಯೂ ಇದೆ ಅಂತ ನಾನು ಹೇಳೋಕೆ ಹೋದೆ. ಮಂಗಳವಾರ ಮಧ್ಯಾಹ್ನ ಯಾರು ತಾನೇ ಒನಕೆ ನಿಲ್ಲಿಸಿ ನೋಡ್ತಾರೆ, ಬಿಡಿ.

ನಾನು ಮಾಳಿಗೆ ಹತ್ತಿದೆ. ನನ್ನದೊಂದು ಸಣ್ಣ ದೂರದರ್ಶಕ ಇದೆ. ಮೋಡ ಬಂದು ಹೋಗಿ ಮಾಡುತ್ತಿತ್ತು. ಹನ್ನೊಂದರ ಸುಮಾರಿಗೆ ಚಂದ್ರ ಪೂರ್ತಿ ಮುಳುಗಿ, ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ತಿರುಗಿದ. ಭೂಮಿಯ ಸುತ್ತಲಿನ ಗಾಳಿ ಬಾಗಿಸಿ ಕಳಿಸಿದ ಕೆಂಪು ಬೆಳಕು ಅದು, ಅಂದರೆ ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಅಷ್ಟೂ ಕಡೆಯ ಕೆಂಪು ಒಟ್ಟಾಗಿ ಚಂದ್ರನ ಮೇಲೆ ಬಿದ್ದಿತ್ತು. 82 ನಿಮಿಷದ ಪುಕ್ಕಟೆ ಆಟ. ನೋಡಬೇಕಾದವರೆಲ್ಲ ಕೆಳಗೆ ಪರಾತ ನೋಡುತ್ತಿದ್ದರು.

ಆಗ ಮೆಟ್ಟಿಲ ಮೇಲೆ ಸಪ್ಪಳ. ನಮ್ಮ ಮನೆ ಮಾಲೀಕರು, ನಾವೆಲ್ಲ ಕಾಕಾ ಅಂತೀವಿ. ತಲೆ ಮೇಲೆ ಟವೆಲ್. ಕಾಕಾಂದು ಕುಂಭ ರಾಶಿ, ಗ್ರಹಣವೂ ಕುಂಭ ರಾಶಿಯಲ್ಲೇ, ಮೇಲೆ ಸಾಡೇಸಾತಿ, ಅಂದರೆ ಶನಿಯ ಏಳೂವರೆ ವರ್ಷದ ಕಾಟ ಬೇರೆ. ಅದು ಹತ್ತಿದ್ದು 2020ರ ಜನವರಿಯಲ್ಲಿ. ಎರಡೇ ತಿಂಗಳಿಗೆ ಲಾಕ್‌ಡೌನ್ ಬಂದದ್ದರಿಂದ ಶನಿಯ ಮೇಲೆ ಅವರಿಗೆ ಪೂರ್ತಿ ಭರವಸೆ. ಲಾಕ್‌ಡೌನ್ ಹನ್ನೆರಡೂ ರಾಶಿಗೆ ಬಂದಿತ್ತಲ್ಲ ಕಾಕಾ ಅಂದರೆ, "ಅವರಿಗೆ ಅವರವರ ಗ್ರಹ" ಅಂತಾರೆ. ಮಗ ಮೊಬೈಲಿನಲ್ಲಿ ರಮ್ಮಿ ಆಡಿ ಕಳೆದ ದುಡ್ಡು ಕೂಡ ಶನಿಯ ಖಾತೆಗೇ.

ಹಾಗಂತ ಸಾಡೇಸಾತಿಯ ಲೆಕ್ಕ ತಪ್ಪಲ್ಲ. ಶನಿ ಸೂರ್ಯನನ್ನು ಒಂದು ಸುತ್ತು ಹಾಕೋಕೆ ಸುಮಾರು 29.5 ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಎರಡೂವರೆ, ನಮ್ಮ ರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಮೂರಕ್ಕೆ ಏಳೂವರೆ. ದೂರದರ್ಶಕ ಇಲ್ಲದ ಕಾಲದಲ್ಲಿ ಯಾರೋ ತಲೆಮಾರುಗಟ್ಟಲೆ ನಿದ್ದೆಗೆಟ್ಟು ಆಕಾಶ ನೋಡಿ ಹಿಡಿದ ಲೆಕ್ಕ ಅದು, ಅವರಿಗೆ ನಾನು ಅಡ್ಡ ಬಿದ್ದು ನಮಸ್ಕಾರ ಮಾಡುತ್ತೇನೆ. ಆ ಲೆಕ್ಕದ ತುದಿಗೆ ರಮ್ಮಿ ಕಟ್ಟಿದ್ದು ಬೇರೆಯವರು.

ಶನಿ ಆ ರಾತ್ರಿ ಚಂದ್ರನ ಪಕ್ಕದಲ್ಲೇ ಇದ್ದ. ಕೈ ಚಾಚಿದರೆ ಎಡಕ್ಕೆ ಒಂದೂವರೆ ಮುಷ್ಟಿ ದೂರ.

"ನೋಡ್ತೀರಾ ಕಾಕಾ, ಶನಿ?"

ಕಾಕಾ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಏನನ್ನಿಸಿತೋ, "ಐದ್ ವರ್ಷ ಆತು ಅವ ನನ್ನ ನೋಡಾಕತ್ತು. ಒಮ್ಮೆ ನಾನೂ ಅವನ್ನ ನೋಡೇ ಬಿಡ್ತೀನಿ ತಡಿ" ಅಂದರು. ಚಂದ್ರ ಕಾಣದ ಹಾಗೆ ಟವೆಲ್ಲನ್ನು ಒಂದು ಬದಿಗೆ ಇಳಿಬಿಟ್ಟುಕೊಂಡು ಕಣ್ಣಿಟ್ಟರು. ಬಹಳ ಹೊತ್ತು ಮಾತಿಲ್ಲ.

"ಇಷ್ಟ ಇದ್ದಾನೇನು?"

ದೂರ 128 ಕೋಟಿ ಕಿಲೋಮೀಟರ್ ಕಾಕಾ, ಬೆಳಕು ಬರೋಕೇ 71 ನಿಮಿಷ ಬೇಕು ಅಂದೆ.

"ಉಂಗುರ ಎಲ್ಲೈತಿ? ಪುಸ್ತಕದಾಗ ದೊಡ್ಡ ಉಂಗುರ ತೋರಸ್ತಾರ. ಒತ್ತಿ ಇಟ್ಟಾನೇನು?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ದಿನ ಇಡೀ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಆ ಉಂಗುರ ನಮಗೆ ಅಂಚು ತಿರುಗಿಸಿ ನಿಲ್ಲುತ್ತೆ. 2025ರ ಮಾರ್ಚಿನಲ್ಲಿ ಹಾಗೆ ನಿಂತಿತ್ತು, ಸೆಪ್ಟೆಂಬರಿನಲ್ಲೂ ಸೂಜಿಯಷ್ಟೇ ತೆಳ್ಳಗೆ. ರೊಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ತೋರಿಸಿದ ಮೇಲೆ ಕಾಕಾಗೆ ತಿಳಿಯಿತು. ಹೌದು, ಕಟಕ ರೊಟ್ಟಿಯೇ. ಕರಕಿ ಸಮೇತ ತಂದಿದ್ದೆ.

ಅಷ್ಟರಲ್ಲಿ ಮಾಸ್ತರರೂ ಹತ್ತಿ ಬಂದರು. "ಇದನ್ನೆಲ್ಲಾ ನಮ್ಮ ಭಾಸ್ಕರಾಚಾರ್ಯರು ಅವಾಗೇ ಹೇಳ್ಯಾರ, ನಮ್ಮ ಬಿಜ್ಜರಗಿಯವರು" ಅಂದರು. ಬಿಜ್ಜರಗಿಯವರು ಅಂತ ನಾವು, ಚಾಳೀಸಗಾಂವ ಬದಿಯ ಪಾಟಣದವರು ಅಂತ ಮಹಾರಾಷ್ಟ್ರದವರು. ಜಗಳ ಅವರ ಊರಿಗೆ, ಅವರ ಲೆಕ್ಕಕ್ಕೆ ಯಾರೂ ಜಗಳಾಡಲ್ಲ. 1114ರಲ್ಲಿ ಹುಟ್ಟಿ, 36ನೇ ವಯಸ್ಸಿಗೆ, 1150ರಲ್ಲಿ ಸಿದ್ಧಾಂತಶಿರೋಮಣಿ ಬರೆದ ಮನುಷ್ಯ. ಗ್ರಹಣಕ್ಕೆ ಕಾರಣ ನೆರಳು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಚಂದ್ರನಿಗೆ ಪೂರ್ವದ ಕಡೆಯಿಂದ ಹಿಡಿಯುತ್ತೆ, ಸೂರ್ಯನಿಗೆ ಪಶ್ಚಿಮದಿಂದ, ನುಂಗುವವನು ಒಬ್ಬನೇ ಆದರೆ ಈ ಭೇದ ಯಾಕೆ ಅನ್ನೋದು ಅವರ ವಾದ. ಎಲ್ಲ ಮುಗಿದ ಮೇಲೆ ಕೊನೆಗೊಂದು ಶ್ಲೋಕ. ಶಂಭುವಿನ ವರದಿಂದ ರಾಹು ಆ ನೆರಳಿನೊಳಗೆ ಹೊಕ್ಕು ಚಂದ್ರನನ್ನು ಮುಚ್ಚುತ್ತಾನೆ, ಹೀಗಂದರೆ ಯಾವ ಆಗಮಕ್ಕೂ ವಿರೋಧ ಇಲ್ಲ ಅಂತ. ಅಂದರೆ ಮನೆ ಪೂರ್ತಿ ಕಟ್ಟಿ, ಮೂಲೆಯಲ್ಲಿ ರಾಹುವಿಗೊಂದು ಬಾಡಿಗೆ ಖೋಲಿ ಕೊಟ್ಟರು. ಪಾಪ, ಅವರಿಗೂ ಓಣಿಯಲ್ಲಿ ಬಾಳಬೇಕಿತ್ತಲ್ಲ. ನಮ್ಮ ಮಾಸ್ತರರು ಮನೆ ಕೆಡವಿ ಖೋಲಿ ಮಾತ್ರ ಉಳಿಸಿಕೊಂಡು, ಬಾಗಿಲಿಗೆ 'ವೈಜ್ಞಾನಿಕ' ಅಂತ ಬೋರ್ಡು ಹಾಕಿದ್ದಾರೆ.

ಆ ರಾಹು ಆದರೂ ಏನು? ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ. ಅದು ಸೂರ್ಯನ ದಾರಿಯನ್ನು ಅಡ್ಡ ಹಾಯುವ ಎರಡು ಜಾಗಕ್ಕೆ ರಾಹು, ಕೇತು ಅಂತ ಹೆಸರು. ಸುಮ್ನೆ ಗಾಂಧಿ ಚೌಕ ಇದ್ದ ಹಾಗೆ. ಚೌಕಕ್ಕೆ ಹಸಿವಾಗುತ್ತಾ? ಅದೂ 18.6 ವರ್ಷಕ್ಕೊಮ್ಮೆ ಆಕಾಶ ಪೂರ್ತಿ ಸುತ್ತುವ ಚೌಕ. ರಾಹುಕಾಲ ಮಾತ್ರ ಪ್ರತಿ ಸೋಮವಾರ ಬೆಳಗ್ಗೆ ಏಳೂವರೆಗೆ ತಪ್ಪದೆ ಹಾಜರು. ಇಷ್ಟು ಶಿಸ್ತಿನ ನೌಕರ ನಮ್ಮ ಯಾವ ಕಚೇರಿಯಲ್ಲೂ ಇಲ್ಲ.

ರಾತ್ರಿ 1.27ಕ್ಕೆ ಗ್ರಹಣ ಬಿಟ್ಟಿತು. ಓಣಿಯಲ್ಲಿ ತಲೆ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು. ಒನಕೆ ಬೀಳಲಿಲ್ಲ. ಎರಡು ಗಂಟೆಗೂ ಬೀಳಲಿಲ್ಲ. ಹುಡುಗರು ಬೇಜಾರಾಗಿ ಮಲಗಲು ಹೋದರು. ಸ್ವಲ್ಪ ಎಫೆಕ್ಟ್ ಉಳಿದಿರುತ್ತೆ ಅಂತ ಹೇಳಿ ಮಾಸ್ತರರೂ ಹೋದರು. ಬೆಳಗ್ಗೆ ಏಳಕ್ಕೆ ನಾನು ಹಾಲು ತರಲು ಹೊರಟಾಗಲೂ ಒನಕೆ ಪರಾತದಲ್ಲಿ ನೆಟ್ಟಗೆ ನಿಂತಿತ್ತು. ಅಕ್ಕಾವರು ಅಂಗಳ ಕಸ ಹೊಡೆಯುತ್ತಾ ಬಂದರು, ಕಸಬರಿಗೆಯ ಹಿಡಿ ತಾಗಿ ಅದು ಧಡ್ ಅಂತ ಉರುಳಿತು.

ಅಕ್ಕಾವರು ಸೊಂಟ ನೆಟ್ಟಗೆ ಮಾಡಿ, ಆಕಾಶದ ಕಡೆ ಕೈ ಮುಗಿದರು. "ಈಗ ಬಿಡ್ತು ನೋಡ್ರಿ ಪೂರ್ತಿ."