ಸಾಹೇಬ್ರೇ, ದಯವಿಟ್ಟು ರಾಜೀನಾಮೆ ಕೊಡಿ

ಎಮ್ಮೆಲ್ಲೆ ರಾಜೀನಾಮೆ ಕೊಟ್ಟರು ಅಂದ ಕೂಡಲೇ ಜನ ಬೈಯಲು ಶುರು ಮಾಡುತ್ತಾರೆ. ಯಾಕೆ ಬೈಯಬೇಕು? ಗೆದ್ದವರು ಐದು ವರ್ಷ ಕುರ್ಚಿ ಬಿಡದೆ ಕೂತರೆ ಕ್ಷೇತ್ರಕ್ಕೆ ಸಿಗುವುದೇನು? ಊರಾಚೆ ಒಂದು ಬಸ್ ತಂಗುದಾಣ, ಅದರ ನೆತ್ತಿಯ ಮೇಲೆ ತಂಗುದಾಣಕ್ಕಿಂತ ದೊಡ್ಡದಾದ ಅವರದೇ ಫೋಟೊ. ಅದೇ ಸಾಹೇಬರು ನಡುವೆ ಎದ್ದು ಹೋದರು ಅಂತಿಟ್ಟುಕೊಳ್ಳಿ. ಉಪಚುನಾವಣೆ ಬರುತ್ತದೆ. ಸಿಎಂ ಬರುತ್ತಾರೆ, ಮಾಜಿ ಸಿಎಂ ಬರುತ್ತಾರೆ, ಮುಂದೆ ಸಿಎಂ ಆಗುವವರೂ ಬರುತ್ತಾರೆ. ಜಾತಿ ಲೆಕ್ಕ ಹಾಕಿ ಓಣಿಗೊಬ್ಬ ಮಂತ್ರಿಯನ್ನು ಬಿಡುತ್ತಾರೆ. ಕಾಲುವೆ ನೀರು ತಲುಪದ ಟೇಲೆಂಡ್ ಊರಿಗೂ ಮಂತ್ರಿ ಎರಡೆರಡು ಸಲ ತಲುಪುತ್ತಾರೆ. ಇದಕ್ಕಿಂತ ಜಾಸ್ತಿ ಇನ್ನೇನು ಅಭಿವೃದ್ಧಿ ಬೇಕು?

ತುಂಗಭದ್ರೆಯ ಎಡಬಲದ ನಾವು ಈ ವಿಷಯದಲ್ಲಿ ಇಡೀ ರಾಜ್ಯಕ್ಕೆ ಹಿರಿಯರು. ಬೆಂಗಳೂರಿನವರಿಗೆ ಗೊತ್ತಿಲ್ಲ ಅಷ್ಟೇ.

ರಾಯಚೂರು ಜಿಲ್ಲೆಯ ಮಸ್ಕಿಯನ್ನೇ ನೋಡಿ. 2008ರಲ್ಲಿ ಹೊಸದಾಗಿ ಆದ ಕ್ಷೇತ್ರ. ಮೊದಲ ಸಲ ಪ್ರತಾಪಗೌಡ ಪಾಟೀಲರು ಬಿಜೆಪಿಯಿಂದ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲೂ ಕಾಂಗ್ರೆಸ್ಸಿನಿಂದಲೇ ಗೆದ್ದರು, ಆದರೆ ಬರೀ 213 ಮತಗಳಿಂದ. ಸೋತವರು ಬಿಜೆಪಿಯ ಬಸನಗೌಡ ತುರ್ವಿಹಾಳ. ಅವರು ಆ ಗೆಲುವನ್ನೇ ಪ್ರಶ್ನಿಸಿ ಹೈಕೋರ್ಟಿಗೆ ಹೋದರು. ಅಷ್ಟರಲ್ಲಿ 2019ರ ಜುಲೈ ಬಂತು. ಗೆದ್ದ ಗೌಡರು ರಾಜೀನಾಮೆ ಕೊಟ್ಟು ಬಿಜೆಪಿ ಕಡೆ ಹೊರಟರು. ತುರ್ವಿಹಾಳರ ಪಾಡು ನೆನೆಸಿಕೊಳ್ಳಿ. ಯಾರ ಮೇಲೆ ಕೇಸು ಹಾಕಿದ್ದರೋ ಅವರೇ ಶಾಲು ಹೊದ್ದುಕೊಂಡು ತಮ್ಮದೇ ಪಕ್ಷದ ಬಾಗಿಲಲ್ಲಿ ನಿಂತಿದ್ದಾರೆ! ಇನ್ನೇನು ಮಾಡುತ್ತಾರೆ, ಇವರು ಆ ಕಡೆ ಬಾಗಿಲಿನಿಂದ ಕಾಂಗ್ರೆಸ್ಸಿಗೆ ನಡೆದರು.

ಕೇಸಿನ ಕಾರಣಕ್ಕೆ ಮಸ್ಕಿಯ ಉಪಚುನಾವಣೆ ತಡವಾಯಿತು. 2019ರ ಡಿಸೆಂಬರಿನಲ್ಲಿ ಹೀಗೇ ಖಾಲಿಯಾದ 15 ಕ್ಷೇತ್ರಗಳಿಗೆ ಮತದಾನ ಆದಾಗ ಮಸ್ಕಿ ಸುಮ್ನೆ ನೋಡುತ್ತಾ ಕೂತಿತ್ತು. ಕೊನೆಗೆ 2021ರ ಏಪ್ರಿಲ್ 17ಕ್ಕೆ ಮತದಾನ. ನಡುವಿನ ಇಪ್ಪತ್ತಕ್ಕೂ ಹೆಚ್ಚು ತಿಂಗಳು ಮಸ್ಕಿಗೆ ಶಾಸಕರೇ ಇರಲಿಲ್ಲ. ಸೂರ್ಯ ಹುಟ್ಟಿದ, ಮುಳುಗಿದ, ತೊಗರಿಗೆ ಹುಳ ಬಿತ್ತು, ಹತ್ತಿಗೆ ರೇಟು ಬಿತ್ತು. ಶಾಸಕರು ಇದ್ದಾಗ ಏನೇನು ಆಗುತ್ತಿತ್ತೋ ಅದೆಲ್ಲ ಅವರಿಲ್ಲದೆಯೂ ಕ್ರಮವಾಗಿ ಆಯಿತು. ಇದನ್ನು ಯಾವುದಾದರೂ ವಿಶ್ವವಿದ್ಯಾಲಯದವರು ಸಂಶೋಧನೆ ಮಾಡಬೇಕಿತ್ತು, ಮಾಡಲಿಲ್ಲ.

ಉಪಚುನಾವಣೆ ಬಂತು ನೋಡಿ, ಆಗ ಮಸ್ಕಿಯ ಭಾಗ್ಯ ತೆರೆಯಿತು. ಯಡಿಯೂರಪ್ಪ ಬಂದರು, ಸಿದ್ದರಾಮಯ್ಯ ಬಂದರು, ಡಿ.ಕೆ. ಶಿವಕುಮಾರ್ ಬಂದರು. ವಿಜಯೇಂದ್ರ ಅವರಂತೂ ಬಿಡಾರವನ್ನೇ ಹೂಡಿದರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತಿದ್ದರು. ಅಲ್ಲಿವರೆಗೆ 5ಎ ಅಂದರೆ ಸಿಟಿ ಬಸ್ಸಿನ ನಂಬರು ಅಂದುಕೊಂಡಿದ್ದವರೆಲ್ಲ ಕಾಲುವೆ ಬಗ್ಗೆ ಭಾಷಣ ಮಾಡಿದರು.

ಫಜೀತಿ ಆಗಿದ್ದು ಮತಗಟ್ಟೆಯಲ್ಲಿ. ಅದೇ ಇಬ್ಬರು ಗೌಡರು. ಕೈಯಲ್ಲಿದ್ದವರು ಕಮಲದಲ್ಲಿ, ಕಮಲದಲ್ಲಿದ್ದವರು ಕೈಯಲ್ಲಿ. ಮನೆಯ ಮುದುಕಿಗೆ ಮುಖ ನೋಡಿ ಒತ್ತು ಅನ್ನಬೇಕೋ, ಗುರುತು ನೋಡಿ ಒತ್ತು ಅನ್ನಬೇಕೋ? ಆದರೂ ಜನ ಗೊಂದಲ ಮಾಡಿಕೊಳ್ಳಲಿಲ್ಲ. ಹಿಂದಿನ ಸಲ 213 ಮತಗಳಿಂದ ಗೆದ್ದವರು ಈ ಸಲ 30 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋತರು. 2023ರಲ್ಲೂ ಅದೇ ಜೋಡಿ, ಅದೇ ಫಲಿತಾಂಶ.

ಇನ್ನು ಹೊಸಪೇಟೆ. ಆಗ ಅದು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆನಂದ್ ಸಿಂಗ್ ಅವರು 2008, 2013ರಲ್ಲಿ ಬಿಜೆಪಿ. 2018ರಲ್ಲಿ ಕಾಂಗ್ರೆಸ್. 2019ರ ಜುಲೈ 1ಕ್ಕೆ ರಾಜೀನಾಮೆ, ಡಿಸೆಂಬರಿನಲ್ಲಿ ಮತ್ತೆ ಬಿಜೆಪಿಯಿಂದ ಗೆಲುವು, 2020ರ ಫೆಬ್ರುವರಿಯಲ್ಲಿ ಮಂತ್ರಿ. 2021ರಲ್ಲಿ ವಿಜಯನಗರ ಜಿಲ್ಲೆ. ಬಳ್ಳಾರಿಯವರು ಜಿಲ್ಲೆ ಒಡೆಯಬೇಡಿ ಅಂತ ಬಂದ್ ಮಾಡಿದರು, ಯಾರೂ ಕೇಳಲಿಲ್ಲ. ಕೇಳುವುದು ಹೇಗೆ? ಬಳ್ಳಾರಿಯವರು ಅಂಗಡಿ ಬಾಗಿಲು ಹಾಕಿದ್ದರು, ಹೊಸಪೇಟೆಯವರ ಕೈಯಲ್ಲಿ ರಾಜೀನಾಮೆಯೇ ಇತ್ತು. ನಾವು ಸಿರುಗುಪ್ಪದಿಂದ ಸಿಂಧನೂರಿನವರೆಗೆ ಜಿಲ್ಲೆ ಬೇಕು, ತಾಲ್ಲೂಕು ಬೇಕು ಅಂತ ವರ್ಷಗಟ್ಟಲೆ ತಹಸೀಲ್ದಾರರಿಗೆ ಮನವಿ ಕೊಟ್ಟು ಫೋಟೊ ಹೊಡೆಸಿಕೊಂಡಿದ್ದೇ ಬಂತು. ತಪ್ಪು ಕಾಗದ ಕೊಡುತ್ತಿದ್ದೆವು, ತಪ್ಪು ಆಫೀಸಿಗೆ ಕೊಡುತ್ತಿದ್ದೆವು.

ಆ ರಾಜೀನಾಮೆಗೂ ಮುಂಚೆ, 2019ರ ಶುರುವಿನಲ್ಲೇ ಬಿಡದಿಯ ರೆಸಾರ್ಟಿನ ಪ್ರಕರಣ ಆಗಿತ್ತು, ನೆನಪಿದೆಯಾ? ಬೇರೆ ಪಕ್ಷದವರು ನಮ್ಮ ಶಾಸಕರನ್ನು ಹಾರಿಸಿಕೊಂಡು ಹೋಗಬಾರದು ಅಂತ ಕಾಂಗ್ರೆಸ್ಸಿನವರು ಎಲ್ಲರನ್ನೂ ಒಂದೇ ಕಡೆ ಇಟ್ಟಿದ್ದರು. ಅಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಇಬ್ಬರು ಶಾಸಕರೇ ಹೊಡೆದಾಡಿಕೊಂಡು ಒಬ್ಬರು ಆಸ್ಪತ್ರೆ ಸೇರಿದರು. ವಿರೋಧ ಪಕ್ಷಕ್ಕೆ ಖರ್ಚೇ ಇಲ್ಲ.

ಗಂಗಾವತಿಯವರ ಕಥೆ ಮಾತ್ರ ನೆನೆದರೆ ಬೇಜಾರಾಗುತ್ತದೆ. 2023ರಲ್ಲಿ ಅವರು ಜನಾರ್ದನ ರೆಡ್ಡಿ ಅವರನ್ನು ಫುಟ್‌ಬಾಲ್ ಗುರುತಿಗೆ ಒತ್ತಿ ಗೆಲ್ಲಿಸಿದರು. ಪಕ್ಷದ ಹೆಸರು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ. ವಿಧಾನಸಭೆಯಲ್ಲಿ ಅದರ ಬಲ 1. ಶಾಸಕಾಂಗ ಪಕ್ಷದ ಸಭೆ ಕರೆಯಬೇಕಾದರೆ ಕನ್ನಡಿ ಮುಂದೆ ನಿಂತರೆ ಸಾಕು. 2024ರ ಮಾರ್ಚಿನಲ್ಲಿ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲಿ ಬಂದಾಗ ಮೂರನೇ ಒಂದು ಭಾಗ ಶಾಸಕರು ಹೊರಟರೆ ಅದು ಒಡಕು, ಪರವಾಗಿಲ್ಲ ಅಂತಿತ್ತು. 2003ರಲ್ಲಿ ಅದನ್ನು ತೆಗೆದುಹಾಕಿದರು. ಈಗ ವಿಲೀನ ಆಗಬೇಕಾದರೆ ಮೂರನೇ ಎರಡು ಭಾಗ ಶಾಸಕರು ಒಪ್ಪಬೇಕು. ಒಬ್ಬ ಶಾಸಕರ ಮೂರನೇ ಎರಡು ಭಾಗ ಎಷ್ಟು? ಕಾಲು ಬೇಡ ಅಂದರೂ ತಲೆ, ಹೊಟ್ಟೆ ಒಪ್ಪಿದರೆ ಬಹುಮತ ಬಂದಂತೆ. ನನಗೆ ಗೊತ್ತಿರುವ ಮಟ್ಟಿಗೆ ಇಷ್ಟು ಒಗ್ಗಟ್ಟಿನ ಪಕ್ಷ ಈ ದೇಶದಲ್ಲಿ ಇನ್ನೊಂದಿರಲಿಕ್ಕಿಲ್ಲ.

ಹಾಗಾಗಿ ಅಲ್ಲಿ ಪಕ್ಷ ಬದಲಾದರೂ ಉಪಚುನಾವಣೆ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಮತ್ತೆ ಆಸೆ ಹುಟ್ಟಿತು. ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ರೆಡ್ಡಿ ಅವರಿಗೆ 7 ವರ್ಷ ಶಿಕ್ಷೆ ಕೊಟ್ಟಿತು, ಶಾಸಕ ಸ್ಥಾನ ಹೋಯಿತು. ಲಾಡ್ಜಿನವರು ಬೆಡ್‌ಶೀಟ್ ಒಗೆಯಲು ಹಾಕಿದರೋ ಏನೋ, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಸ್ಥಾನ ವಾಪಸ್ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪಕ್ಷಾಂತರದಿಂದ ಸಿದ್ಧಾಂತ ಹಾಳಾಗುತ್ತದೆ ಅನ್ನುವವರು ಒಂದು ಸಲ ನಮ್ಮೂರಿನ ಫ್ಲೆಕ್ಸ್ ಅಂಗಡಿಗೆ ಬರಬೇಕು. ಅಂಗಡಿಯ ಹುಡುಗನ ಕಂಪ್ಯೂಟರಿನಲ್ಲಿ ನಮ್ಮ ಸಾಹೇಬರದು ಒಂದೇ ಫೋಟೊ ಇದೆ. ಕೈ ಮುಗಿದು ನಿಂತ ಫೋಟೊ. ಹತ್ತು ವರ್ಷದಿಂದ ಅದೇ, ಕೂದಲು ಇನ್ನೂ ಕಪ್ಪು. ಫೈಲ್ ಮಾತ್ರ ಮೂರು. ‘ಸಾಹೇಬ್ರು ಕೇಸರಿ’, ‘ಸಾಹೇಬ್ರು ತ್ರಿವರ್ಣ’, ‘ಸಾಹೇಬ್ರು ಖಾಲಿ’. ಮೂರನೆಯದರಲ್ಲಿ ಹೆಗಲ ಮೇಲೆ ಶಾಲೇ ಇಲ್ಲ. ಅದು ಯಾವಾಗ ಬೇಕಾಗುತ್ತದೆ ಅಂತ ಕೇಳಿದೆ. ‘ಮಾತುಕತಿ ನಡದಾಗ್ರೀ ಅಣ್ಣಾರ’ ಅಂದ. ಹಬ್ಬದ ಶುಭಾಶಯದ ಫ್ಲೆಕ್ಸಿನಲ್ಲಿ ಸಾಹೇಬರ ಹೆಗಲು ಖಾಲಿ ಕಂಡರೆ ಊರಲ್ಲಿ ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲವಂತೆ. ಮೇಲೆ ಸಾಲಾಗಿ ಇರುವ ರಾಷ್ಟ್ರನಾಯಕರ ಗುಂಡನೆ ಫೋಟೊಗಳನ್ನು ಬದಲಿಸಲು ಹುಡುಗ ಬೇರೆ ಚಾರ್ಜ್ ಮಾಡುತ್ತಾನೆ. ಕೆಳಗಿರುವ ಮರಿ ಮುಖಂಡರದ್ದು ಬದಲಿಸುವ ಹಾಗೇ ಇಲ್ಲ. ಸಾಹೇಬರು ಎಲ್ಲಿ ಹೋದರೂ ಅವರೆಲ್ಲ ಜೊತೆಗೇ ಹೋಗುತ್ತಾರೆ.

ಕಾನೂನಿನವರೂ ಈ ದಾರಿಯನ್ನು ಪೂರ್ತಿ ಮುಚ್ಚಿಲ್ಲ. 2019ರಲ್ಲಿ ಸ್ಪೀಕರ್ 17 ಶಾಸಕರನ್ನು ಅನರ್ಹ ಮಾಡಿ, ಈ ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಅಂದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು, ಆದರೆ ನಿಲ್ಲಬಹುದು ಅಂದಿತು. ಹೀಗಾಗಿ ಅನರ್ಹ ಶಾಸಕರು ಅರ್ಹ ಅಭ್ಯರ್ಥಿಗಳಾಗಿ ನಿಂತರು.

ಒಂದೇ ಒಂದು ಎಚ್ಚರಿಕೆ ಬೇಕು. ಸ್ಥಾನ ಖಾಲಿಯಾದರೆ 6 ತಿಂಗಳೊಳಗೆ ಉಪಚುನಾವಣೆ ಮಾಡಬೇಕು ಅನ್ನುವುದು ನಿಯಮ. ಆದರೆ ಅವಧಿಯಲ್ಲಿ 1 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮಾಡಬೇಕಾಗಿಲ್ಲ. ಈಗಿನ ವಿಧಾನಸಭೆಯ ಅವಧಿ 2028ರ ಮೇವರೆಗೆ. ಅಂದರೆ 2027ರ ಮೇ ದಾಟಿದ ಮೇಲೆ ಕೊಡುವ ರಾಜೀನಾಮೆಯಿಂದ ಮತದಾರನಿಗೆ ಒಂದು ಪ್ಲೇಟ್ ಮಿರ್ಚಿ ಕೂಡ ಹುಟ್ಟುವುದಿಲ್ಲ. ಕೊನೆ ವರ್ಷದಲ್ಲಿ ಪಕ್ಷ ಬಿಡುವವರಿಗೆ ನಾಚಿಕೆ ಆಗಬೇಕು. ಅದು ಬರೀ ಸ್ವಾರ್ಥ.

ಇದನ್ನೆಲ್ಲ ಮಂಡಕ್ಕಿ ಒಗ್ಗರಣೆ ಮುಂದಿಟ್ಟುಕೊಂಡು ನಾಲ್ಕು ಜನ ಚರ್ಚೆ ಮಾಡಿ, ನಮ್ಮ ಸಾಹೇಬರಿಗೆ ಒಂದು ಮನವಿ ಪತ್ರ ಬರೆದೆವು. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗಿನ ರಸ್ತೆ ಹಾಳಾಗಿದೆ. ಕುಡಿಯುವ ನೀರಿನ ಕೆರೆಯಲ್ಲಿ ಹೂಳು ತುಂಬಿದೆ. ಡಿಗ್ರಿ ಕಾಲೇಜಿಗೆ ಲೆಕ್ಚರರ್ ಇಲ್ಲ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆದಷ್ಟು ಬೇಗ ರಾಜೀನಾಮೆ ಕೊಡಬೇಕು. ಭತ್ತ ನಾಟಿ ಶುರುವಾಗುವ ಮುಂಚೆ ಕೊಟ್ಟರೆ ಒಳ್ಳೆಯದು, ಆಮೇಲೆ ಪ್ರಚಾರಕ್ಕೆ ಜನ ಸಿಗುವುದಿಲ್ಲ. ನೀತಿ ಸಂಹಿತೆ ಬಂದರೆ ಗುದ್ದಲಿ ಪೂಜೆ ನಿಂತುಹೋಗುತ್ತದೆ, ಹಾಗಾಗಿ ರಾಜೀನಾಮೆಗೂ ಚುನಾವಣೆ ಘೋಷಣೆಗೂ ನಡುವೆ ಒಂದು ಡಾಂಬರು ರಸ್ತೆ ಆಗುವಷ್ಟು ಟೈಮ್ ಇರುವಂತೆ ನೋಡಿಕೊಳ್ಳಬೇಕು. ತಾವು ಯಾವ ಪಕ್ಷದಿಂದ ನಿಂತರೂ ನಮ್ಮದೇನೂ ತಕರಾರಿಲ್ಲ.

ಬೆಳಿಗ್ಗೆ ಏಳಕ್ಕೇ ಸಾಹೇಬರ ಮನೆಗೆ ಹೋದೆವು. ಬಾಗಿಲಲ್ಲಿ ಚಪ್ಪಲಿ ರಾಶಿ. ವರ್ಗಾವಣೆ ಲೆಟರಿಗೆ ಬಂದ ಮೇಷ್ಟ್ರು, ಮಗಳ ಮದುವೆ ಕಾರ್ಡ್ ಹಿಡಿದವರು, ಸುಮ್ನೆ ಕಾಣಿಸಿಕೊಳ್ಳಲು ಬಂದವರು. ಪಿಎ ಎರಡು ಕಿವಿಗೆ ಎರಡು ಫೋನ್ ಇಟ್ಟುಕೊಂಡು ಮೂರನೆಯದನ್ನು ಹುಡುಕುತ್ತಿದ್ದ. ನಮ್ಮ ಸರದಿ ಬಂತು. ಸಾಹೇಬರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಇಷ್ಟು ವರ್ಷದಲ್ಲಿ ನಮ್ಮ ಮನವಿಯನ್ನು ಅವರು ಪೂರ್ತಿ ಓದಿದ್ದು ಅದೇ ಮೊದಲು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆವು. ಆಗಲಿಲ್ಲ. ಇನ್ನೊಂದು ಸಲ ಓದಿದರು. ಸುತ್ತ ಇದ್ದವರನ್ನು ಹೊರಗೆ ಕಳಿಸಿದರು. ಕುರ್ಚಿಯನ್ನು ಸ್ವಲ್ಪ ನಮ್ಮ ಕಡೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದರು.

‘ಇದನ್ನ ಬರೀ ಅಂತ ನಿಮಗ ಹೇಳಿ ಕಳಿಸಿದವ್ರು ಯಾವ ಪಾರ್ಟಿಯವ್ರಪಾ? ಏನ್ ಕೊಡ್ತಾರಂತ?’